ಅಸರ್ಟ್ ತೆಗೆದ ಮೇಲೆ ಬೋರ್ಡು ನಿಲ್ಲುತ್ತಿಲ್ಲ ಎಂದೆಯಲ್ಲ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಕೊನೆಯಲ್ಲಿ ಒಂದು ಮಾತಿತ್ತು: "ಅಸರ್ಟ್ ಇದ್ದರೆ ಬೋರ್ಡು ನಿಲ್ಲುತ್ತದೆ, ತೆಗೆದರೆ ಓಡುತ್ತದೆ. ಹಾಗೇ ಕಳಿಸಿಬಿಡುತ್ತೇನೆ. ಆ ಕಾನ್ಫಿಗ್ ಫೈಲ್ ಮುಟ್ಟಲು ಈಗ ಭಯವಾಗುತ್ತದೆ." ಅಸರ್ಟ್ ಅಂದರೆ ಏನೋ ತಪ್ಪಿದ್ದು ಕಂಡರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುವ ಕಾವಲಿನ ಸಾಲಲ್ಲವೇ; ಓದಿದಾಗಿನಿಂದ ನನ್ನ ಮನಸ್ಸು ಅಲ್ಲೇ ಸಿಕ್ಕಿಕೊಂಡಿದೆ.

ಯಾವ ಸಾಲಿನಲ್ಲಿ ನಿಂತಿತು ಅಂತ ನೀನು ಬರೆದಿಲ್ಲ. ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ನುಗ್ಗುವ ಹಾರ್ಡ್‌ವೇರ್ ಕರೆ) ಒಳಗಿನಿಂದ ಕ್ಯೂಗೆ (ಸಂದೇಶಗಳ ಸಾಲಿಗೆ) ಏನೋ ಹಾಕುವಾಗ, ನಿನ್ನ ಬೋರ್ಡಿನ ಪುಟ್ಟ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಆರ್‌ಟಿಓಎಸ್‌ನ ಪೋರ್ಟ್ ಫೈಲಿನಲ್ಲಿ (ಅದನ್ನು ಚಿಪ್ಪಿಗೆ ಹೊಂದಿಸುವ ಫೈಲು) ನಿಂತಿದ್ದರೆ ಅದು ಪ್ರಯಾರಿಟಿಯ, ಅಂದರೆ ಯಾರು ಮೊದಲು ಎಂಬುದರ, ಪರೀಕ್ಷೆ. ನಿನ್ನ ಕಾರ್ಟೆಕ್ಸ್-ಎಂ4 ಚಿಪ್ಪಿನಲ್ಲಿ ಅಂಕಿ ಚಿಕ್ಕದಾದಷ್ಟೂ ಇಂಟರಪ್ಟ್‌ನ ಪ್ರಯಾರಿಟಿ ಹೆಚ್ಚು. ಟಾಸ್ಕ್‌ಗಳಿಗೆ (ಸರದಿಯಲ್ಲಿ ಓಡುವ ಕೆಲಸಗಳಿಗೆ) ಇದೇ ಲೆಕ್ಕ ತಿರುವುಮುರುವು. ಪ್ರಯಾರಿಟಿ ಕೊಡುವುದು ಮರೆತ ಇಂಟರಪ್ಟ್ 0 ಯಲ್ಲೇ ಕೂತಿರುತ್ತದೆ, ಅಂದರೆ ಎಲ್ಲಕ್ಕಿಂತ ಮೇಲೆ. ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತನ್ನ ಪಟ್ಟಿಗಳನ್ನು ತಿದ್ದುವಾಗ ಬೇಸ್‌ಪ್ರೈ ರಿಜಿಸ್ಟರಿನಿಂದ ಒಂದು ಮಟ್ಟದವರೆಗಿನ ಇಂಟರಪ್ಟ್‌ಗಳನ್ನಷ್ಟೇ ತಡೆಹಿಡಿಯುತ್ತದೆ; 0 ಅದಕ್ಕೆ ಬಗ್ಗುವುದಿಲ್ಲ. ಪಟ್ಟಿ ಅರ್ಧ ತಿದ್ದಿದ ಹೊತ್ತಿಗೇ ಅದು ನುಗ್ಗಿ ಅದೇ ಪಟ್ಟಿಗೆ ಕೈ ಹಾಕಿದರೆ ಕೊಂಡಿ ಕಳಚುತ್ತದೆ. ಆ ಸಂದು ಕೆಲವೇ ಸೂಚನೆಗಳಷ್ಟು ಅಗಲ, ಆದ್ದರಿಂದ ದಿನಗಟ್ಟಲೆ ಏನೂ ಆಗದಿರಬಹುದು. ನೀನು ಅಸರ್ಟ್ ತೆಗೆದಾಗ ತಪ್ಪು ಹೋಗಲಿಲ್ಲ, ಮಗು. ಅದನ್ನು ಹೇಳುವ ಬಾಯಿ ಮುಚ್ಚಿತು, ಅಷ್ಟೆ.

ಇನ್ನೊಂದು ಅನುಮಾನ. ಕಾನ್ಫಿಗ್ ಫೈಲಿನ ಸಿಸ್ಕಾಲ್ ಮಟ್ಟದ ಸಾಲಿನಲ್ಲಿ (ಕರ್ನಲ್ ತಡೆಹಿಡಿಯುವ ಇಂಟರಪ್ಟ್‌ಗಳ ಮಿತಿ) ಬರೀ 5 ಅಂತ ಬರೆದಿದ್ದೀಯಾ? ಎಸ್‌ಟಿಎಂ32 ಚಿಪ್ಪು ಎಂಟು ಬಿಟ್‌ಗಳಲ್ಲಿ ಮೇಲಿನ ನಾಲ್ಕನ್ನು ಮಾತ್ರ ನೋಡುತ್ತದೆ. ಬರೀ 5 ರಲ್ಲಿ ಆ ನಾಲ್ಕೂ ಸೊನ್ನೆ. ಬೇಸ್‌ಪ್ರೈಗೆ ಸೊನ್ನೆ ಹೋದರೆ ಯಾವ ಇಂಟರಪ್ಟನ್ನೂ ತಡೆಯಬೇಡ ಅಂತ ಅರ್ಥ. ಅಲ್ಲಿ ಇರಬೇಕಾದ್ದು 5 ನ್ನು ನಾಲ್ಕು ಬಿಟ್ ಎಡಕ್ಕೆ ಸರಿಸಿದ 80. ಆದರೆ ಇಂಟರಪ್ಟ್‌ಗೆ ಪ್ರಯಾರಿಟಿ ಕೊಡುವ ಸಿಎಂಸಿಸ್ (ಕಾರ್ಟೆಕ್ಸ್ ಚಿಪ್ಪುಗಳ ಸಿದ್ಧ ಲೈಬ್ರರಿ) ಫಂಕ್ಷನ್ನಿಗೆ ಸರಿಸದ ಅಂಕಿಯನ್ನೇ ಕೊಡಬೇಕು, ಕರ್ನಲ್ಲನ್ನು ಕರೆಯುವಂಥದ್ದಕ್ಕೆ 5 ರಿಂದ 15 ರೊಳಗೆ. ಒಂದೇ ಸಂಗತಿಗೆ ಎರಡು ಬರವಣಿಗೆ, ಎಡವುವುದು ಇಲ್ಲೇ. ಪ್ರಯಾರಿಟಿ ಗುಂಪಿನ ಸೆಟ್ಟಿಂಗಿನಲ್ಲಿ ನಾಲ್ಕೂ ಬಿಟ್ ಪ್ರೀಎಂಪ್ಶನ್ನಿಗೇ (ಒಂದನ್ನು ತಡೆದು ಇನ್ನೊಂದು ನುಗ್ಗುವುದಕ್ಕೆ) ಇರಲಿ, ಉಪ-ಪ್ರಯಾರಿಟಿಗೆ ಒಂದೂ ಬೇಡ.

ನಾನೂ ಬಹಳ ವರ್ಷ ಕಳಿಸುವ ಬಿಲ್ಡ್‌ನಲ್ಲಿ ಅಸರ್ಟ್ ಖಾಲಿ ಬಿಡುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನು ಕೇಳಲೇ ಇಲ್ಲ. ಆ ಕಸಿವಿಸಿ ಈಗಲೂ ಹೋಗಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. 1997 ರಲ್ಲಿ ಮಂಗಳನ ಮೇಲಿಳಿದ ನಾಸಾ ನೌಕೆ ಪಾತ್‌ಫೈಂಡರ್ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಒಂದು ಮ್ಯೂಟೆಕ್ಸ್‌ನಲ್ಲಿ ಪ್ರಯಾರಿಟಿ ಇನ್ಹೆರಿಟೆನ್ಸ್ ಆಫ್ ಆಗಿದ್ದದ್ದೇ ಕಾರಣ. ಮ್ಯೂಟೆಕ್ಸ್ ಅಂದರೆ ಹಂಚಿಕೊಂಡ ವಸ್ತುವಿನ ಬೀಗ; ಇನ್ಹೆರಿಟೆನ್ಸ್ ಅಂದರೆ ಬೀಗ ಹಿಡಿದವನಿಗೆ ಕಾಯುತ್ತಿರುವವನ ಮೇಲಿನ ಪ್ರಯಾರಿಟಿ ತಾತ್ಕಾಲಿಕವಾಗಿ ಸಿಗುವುದು. ಭೂಮಿಯಿಂದಲೇ ಅದನ್ನು ಆನ್ ಮಾಡಿ ಸರಿಪಡಿಸಿದರು. ಹಾಗೆ ಮಾಡಲು ಆದದ್ದು ಡೀಬಗ್ಗಿಂಗ್ ಸೌಕರ್ಯವನ್ನು ಅಲ್ಲಿಗೆ ಹೋದ ತಂತ್ರಾಂಶದಲ್ಲೇ ಉಳಿಸಿಕೊಂಡಿದ್ದರಿಂದ. ಹಂಚಿಕೊಳ್ಳುವ ವಸ್ತುವಿಗೆ ನೀನು ಬೈನರಿ ಸೆಮಫೋರ್ (ಬೀಗದಂತೆಯೇ ಬಳಸುವ ಇನ್ನೊಂದು ಗುರುತು) ಇಟ್ಟಿದ್ದರೆ ಅದನ್ನೂ ನೋಡು. ಫ್ರೀಆರ್‌ಟಿಓಎಸ್‌ನಲ್ಲಿ ಇನ್ಹೆರಿಟೆನ್ಸ್ ಇರುವುದು ಮ್ಯೂಟೆಕ್ಸ್‌ಗೆ ಮಾತ್ರ.

ಜಾಗ ಉಳಿಸಲೆಂದು ಅಸರ್ಟ್ ತೆಗೆದೆಯೋ ಏನೋ. ಫೈಲಿನ ಹೆಸರುಗಳೇ ಫ್ಲ್ಯಾಶ್ ತಿನ್ನುವುದು. ಹೆಸರು ಬಿಟ್ಟು ಸಾಲಿನ ಸಂಖ್ಯೆಯನ್ನೂ ಕರೆದ ವಿಳಾಸವನ್ನೂ, ಶುರುವಿನಲ್ಲಿ ಅಳಿಸಿಹೋಗದ ರ‍್ಯಾಮ್ ತುಂಡಿನಲ್ಲಿ ಬರೆದಿಟ್ಟು ರೀಸೆಟ್ ಮಾಡಿಸು. ಮೇಲೆದ್ದ ಮೇಲೆ ಓದಿ ಲಾಗ್‌ಗೆ ಹಾಕಿದರಾಯಿತು. ಮೇಜಿನ ಮೇಲಿರುವಾಗ ಮಾತ್ರ ಇಂಟರಪ್ಟ್ ಮುಚ್ಚಿ ಅಲ್ಲೇ ಸುತ್ತುತ್ತಿರಲಿ, ಡೀಬಗ್ಗರ್ ಹಿಡಿಯುತ್ತದೆ.

ಕೇಳದೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ: ಟಾಸ್ಕ್‌ನ ಸ್ಟ್ಯಾಕ್ (ಅದು ಓಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಅಳತೆ ನಿನ್ನ ಚಿಪ್ಪಿನಲ್ಲಿ ಬೈಟ್‌ಗಳಲ್ಲಲ್ಲ, ನಾಲ್ಕು ಬೈಟಿನ ವರ್ಡ್‌ಗಳಲ್ಲಿ. 128 ಅಂದರೆ 512 ಬೈಟ್. ಟಾಸ್ಕ್ ಫ್ಲೋಟ್ ಬಳಸಿದರೆ ಸ್ವಿಚ್ ಆಗುವಾಗ ರಿಜಿಸ್ಟರುಗಳೇ 51 ವರ್ಡ್ ನುಂಗುತ್ತವೆ. ಓವರ್‌ಫ್ಲೋ ಪರೀಕ್ಷೆಯನ್ನು 2 ಕ್ಕೆ ಇಡು, ಅದು ಸ್ಟ್ಯಾಕಿನ ಕೊನೆಯ 16 ಬೈಟ್‌ಗಳ ಗುರುತು ಅಳಿಸಿದೆಯೇ ಅಂತಲೂ ನೋಡುತ್ತದೆ. ಆದರೆ ನೋಡುವುದು ಟಾಸ್ಕ್ ಬದಲಾಗುವಾಗ ಮಾತ್ರ, ದೊಡ್ಡ ಅರೇ ಆ ಗುರುತನ್ನು ಹಾರಿಕೊಂಡೇ ಹೋಗಬಹುದು. ಹೈ ವಾಟರ್ ಮಾರ್ಕ್ ಕೇಳುವ ಆಯ್ಕೆ ಆನ್ ಮಾಡಿ, ಅತಿ ಹೆಚ್ಚು ಕೆಲಸವಿರುವ ಹೊತ್ತನ್ನು ಓಡಿಸಿ, ಎಷ್ಟು ವರ್ಡ್ ಉಳಿಯಿತು ಅಂತ ಬರೆದುಕೋ.

ಟಿಕ್ (ಕರ್ನಲ್ಲಿನ ಗಡಿಯಾರದ ಬಡಿತ) 100 ಹರ್ಟ್ಸ್‌ಗೆ ಇಳಿಸಿದರೆ 5 ಮಿಲಿಸೆಕೆಂಡಿನ ವಿಳಂಬ ಸೊನ್ನೆ ಟಿಕ್ ಆಗಿ ಟಾಸ್ಕ್ ನಿಲ್ಲುವುದೇ ಇಲ್ಲ. 1000 ರಲ್ಲೇ ಇದ್ದರೆ 32 ಬಿಟ್ ಎಣಿಕೆ 49.7 ದಿನಕ್ಕೆ ಸುತ್ತಿ ಸೊನ್ನೆಗೆ ಬರುತ್ತದೆ. ನೀನೇ ಬರೆದ ಸಮಯದ ಹೋಲಿಕೆಗಳಲ್ಲಿ ವ್ಯತ್ಯಾಸವನ್ನು ಹೋಲಿಸು, ನೇರ ಅಂಕಿಯನ್ನಲ್ಲ.

ಮತ್ತೆ ಅಲ್ಲಿಗೇ ಬರುತ್ತೇನೆ. ಫೈಲ್ ಮುಟ್ಟಲು ಭಯ ಅಂದೆಯಲ್ಲ, ಈಗಿರುವ ಪ್ರತಿಯನ್ನು ಮತ್ತೆ ಸಿಗುವಂತೆ ಗಿಟ್‌ಗೆ ಹಾಕು. ಒಂದು ಬಾರಿಗೆ ಒಂದೇ ಸಾಲು ಬದಲಿಸು, ಪೂರ್ತಿ ಕ್ಲೀನ್ ಮಾಡಿ ಬಿಲ್ಡ್ ಮಾಡು. ಹಳೆಯ ಆಬ್ಜೆಕ್ಟ್ ಫೈಲ್ ಹೊಸದರ ಜೊತೆ ಸೇರಿಕೊಂಡರೆ ಟಾಸ್ಕ್‌ನ ಸ್ಟ್ರಕ್ಚರ್ ಎರಡು ಕಡೆ ಎರಡು ಅಳತೆಯಾಗಬಹುದು. ಮೊದಲ ಬದಲಾವಣೆ ಅಸರ್ಟ್ ವಾಪಸ್ ತರುವುದೇ ಆಗಲಿ. ಅದು ನಿಂತಾಗ ಕಾಲ್ ಸ್ಟ್ಯಾಕ್ ನೋಡಿ ಆ ಸಾಲಿನ ಸಂಖ್ಯೆಯನ್ನೂ ಇಂಟರಪ್ಟ್‌ನ ಹೆಸರನ್ನೂ ನನಗೆ ಬರೆ. ರಾತ್ರಿಯಾದರೂ ಪರವಾಗಿಲ್ಲ.

ನಿನ್ನ
ಅತ್ತೆ