ಗರಗಸ ಜಾರಿದ ಗುರುತು

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಈಜಿಪ್ಟಿನ ಪಿರಮಿಡ್ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಆಸೆಯಿಂದ, ಎರಡನೇ ಸಲ ಸಿಟ್ಟಿನಿಂದ. ಕಬ್ಬಿಣದ ಉಪಕರಣ ಇಲ್ಲದ ಕಾಲದಲ್ಲಿ ಗ್ರಾನೈಟನ್ನು ಅಷ್ಟು ಕರಾರುವಾಕ್ಕಾಗಿ ಕೊಯ್ಯುವುದು ಮನುಷ್ಯರ ಕೈಲಿ ಆಗುವ ಮಾತೇ ಎಂದು ಕೇಳಿ, ಬೇರೆ ಲೋಕದವರೇ ಮಾಡಿರಬೇಕು ಅನ್ನುವ ಹಾಗೆ ಆಕಾಶದ ಕಡೆ ಬೆರಳು ತೋರಿಸಿ ಲೇಖಕರು ಮುಗಿಸಿಬಿಟ್ಟಿದ್ದಾರೆ. ನಾನು 31 ವರ್ಷ ಗ್ರಾನೈಟ್ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದವನು. ಓದಿದ್ದು ಹತ್ತನೇ ಕ್ಲಾಸು. ಬೇರೆ ವಿಷಯವಾಗಿದ್ದರೆ ಸುಮ್ನೆ ಇರುತ್ತಿದ್ದೆ. ಇದು ನನ್ನ ಕೆಲಸದ ವಿಷಯ.

ನಾನು ಸೇರಿದಾಗ ಇದ್ದದ್ದು ಗ್ಯಾಂಗ್‌ಸಾ. ಸಾಲಾಗಿ ಕಟ್ಟಿದ ಉಕ್ಕಿನ ಪಟ್ಟಿಗಳು ಕಲ್ಲಿನ ಮೇಲೆ ಹಿಂದೆ ಮುಂದೆ ಆಡುತ್ತವೆ. ಆ ಪಟ್ಟಿಗಳಿಗೆ ಹಲ್ಲೇ ಇರುವುದಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ. ಮೇಲಿಂದ ನೀರು, ಸುಣ್ಣ, ಉಕ್ಕಿನ ಸಣ್ಣ ಸಣ್ಣ ಕಾಳು ಸುರಿಯುತ್ತಾ ಇರುತ್ತದೆ. ಕಲ್ಲನ್ನು ಕೊಯ್ಯುವುದು ಆ ಕಾಳು. ಅದನ್ನು ಒತ್ತಿ ಉಜ್ಜುವುದಷ್ಟೇ ಪಟ್ಟಿಯ ಕೆಲಸ. ಈಜಿಪ್ಟಿನವರದ್ದೂ ಇದೇ ದಾರಿ. ಉಕ್ಕಿನ ಜಾಗದಲ್ಲಿ ತಾಮ್ರದ ಪಟ್ಟಿ, ಕಾಳಿನ ಜಾಗದಲ್ಲಿ ಮರಳು. ತಾಮ್ರ ಮೆತ್ತಗೆ, ಒಪ್ಪಿದೆ. ಮರಳಿನಲ್ಲಿರುವ ಬೆಣಚುಕಲ್ಲು ಮೆತ್ತಗಲ್ಲವಲ್ಲ! ಡೆನಿಸ್ ಸ್ಟಾಕ್ಸ್ ಎನ್ನುವ ಸಂಶೋಧಕರು ಈಜಿಪ್ಟಿನ ಅಸ್ವಾನ್‌ನಲ್ಲೇ ತಾಮ್ರ, ಮರಳು ಹಿಡಿದು ಗ್ರಾನೈಟ್ ಕೊಯ್ದು ತೋರಿಸಿದ್ದಾರೆ. ನಿಧಾನ, ಹೌದು. ತಾಮ್ರವೂ ಸವೆದು ಹೋಗುತ್ತದೆ.

ಇನ್ನು ಕರಾರುವಾಕ್ಕಿನ ಮಾತು. ಗೀಜಾದ ದೊಡ್ಡ ಪಿರಮಿಡ್ಡಿನ ಒಳಗೆ ಖುಫು ರಾಜನ ಗ್ರಾನೈಟ್ ಶವಪೆಟ್ಟಿಗೆ ಇದೆ. ಮುಚ್ಚಳ ಇಲ್ಲ, ಒಂದು ಮೂಲೆ ಒಡೆದಿದೆ. 1880ರ ದಶಕದ ಶುರುವಿನಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ವಜ್ಞರು ಅದನ್ನು ಇಂಚಿಂಚೂ ಅಳೆದು ಬರೆದಿಟ್ಟರು. ಉತ್ತರದ ಮುಖದಲ್ಲಿ ಒಂದು ಕಡೆ ಗರಗಸ ದಾರಿ ತಪ್ಪಿ ಬೇಕಾದ್ದಕ್ಕಿಂತ ಒಳಕ್ಕೆ ನುಗ್ಗಿದೆ. ಕೆಲಸಗಾರರು ನೋಡಿಕೊಂಡು ಗರಗಸ ಹೊರತೆಗೆದಿದ್ದಾರೆ, ಮತ್ತೆ ಶುರು ಮಾಡಿದ್ದಾರೆ. ಮತ್ತೆ ತಪ್ಪಿದೆ. ಎರಡು ಇಂಚು ಕೆಳಗೆ ಬಂದು ಇನ್ನೊಂದು ಸಲ ಹೊರತೆಗೆದಿದ್ದಾರೆ. ಒಟ್ಟು ಜಾಸ್ತಿ ಹೋದದ್ದು ಸುಮಾರು ಎರಡೂವರೆ ಮಿಲಿಮೀಟರ್.

ಇದನ್ನು ತಿಳಿದ ದಿನ ಒಬ್ಬನೇ ಕೂತು ನಕ್ಕಿದ್ದೆ. ನನ್ನ ಕೈಲೂ ಹೀಗೇ ಆಗಿತ್ತು. ರಾತ್ರಿ ಪಾಳಿಯಲ್ಲಿ ಒಂದು ಪಟ್ಟಿಯ ಬಿಗಿ ಸಡಿಲವಾಗಿದ್ದನ್ನು ಗಮನಿಸಲಿಲ್ಲ. ಬೆಳಗ್ಗೆ ಇಳಿಸಿ ನೋಡಿದರೆ ಚಪ್ಪಡಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಮೇಸ್ತ್ರಿ ಬೈದದ್ದು ಇನ್ನೂ ಕಿವಿಯಲ್ಲಿದೆ. ರಾಜನ ಪೆಟ್ಟಿಗೆ ಕೊಯ್ಯುತ್ತಿದ್ದವರಿಗೆ ಅವರ ಮೇಸ್ತ್ರಿ ಏನಂದಿರಬಹುದು? ಬೇರೆ ಲೋಕದಿಂದ ಇಳಿದು ಬಂದವರು ಎರಡೆರಡು ಸಲ ಗರಗಸ ಜಾರಿಸುತ್ತಾರಾ?

ಎರಡು ವರ್ಷದ ಹಿಂದೆ ಮಗಳು ನನ್ನನ್ನು ಈಜಿಪ್ಟಿಗೆ ಕರೆದುಕೊಂಡು ಹೋಗಿದ್ದಳು. ಗೀಜಾದಲ್ಲಿ ಜನ, ಒಂಟೆ, ಫೋಟೋ. ನನ್ನ ಕಾಲು ನಿಂತದ್ದು ಅಸ್ವಾನ್‌ನ ಹಳೇ ಕ್ವಾರಿಯಲ್ಲಿ. ಅಲ್ಲಿ ಒಂದು ಒಬೆಲಿಸ್ಕ್, ಅಂದರೆ ಒಂದೇ ಕಲ್ಲಿನ ಚೂಪು ತುದಿಯ ಕಂಬ, ಬಂಡೆಯಲ್ಲೇ ಮಲಗಿದೆ. ಸುಮಾರು 42 ಮೀಟರ್ ಉದ್ದ. ಬಿಡಿಸಿ ತೆಗೆದಿದ್ದರೆ ಸಾವಿರ ಟನ್ನಿಗೂ ಜಾಸ್ತಿ ತೂಗುತ್ತಿತ್ತು. ರಾಣಿ ಹತ್‌ಶೆಪ್ಸುತ್ ಕಾಲದ್ದು ಎನ್ನುತ್ತಾರೆ. ಸುತ್ತಲೂ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂರುವಷ್ಟು ಅಗಲದ ಕಾಲುವೆ ತೋಡಿದ್ದಾರೆ. ಅದರ ಗೋಡೆ ಸವರಿ ನೋಡಿದೆ. ಉಳಿಯ ಗೆರೆ ಒಂದೂ ಇಲ್ಲ. ದೊಡ್ಡ ಸೌಟಿನಲ್ಲಿ ಬಗೆದ ಹಾಗೆ ಗುಳಿ ಗುಳಿ. ತಾಮ್ರದ ಉಳಿ ಸುಣ್ಣಕಲ್ಲಿಗೆ ಸಾಕು, ಗ್ರಾನೈಟಿಗೆ ಸಾಲದು. ಹಾಗಾಗಿ ಡಾಲರೈಟ್ ಎಂಬ ಗಟ್ಟಿ ಕಲ್ಲಿನ ಗುಂಡು ಹಿಡಿದು ಕುಟ್ಟಿದ್ದಾರೆ. ಕುಟ್ಟಿ ಕುಟ್ಟಿ ಪುಡಿ ಮಾಡಿ ಬಾಚಿದ್ದಾರೆ.

ಅಲ್ಲಿದ್ದ ಕಾವಲುಗಾರ 50 ಪೌಂಡ್ ಇಸಿದುಕೊಂಡು ಒಂದು ಗುಂಡನ್ನು ನನ್ನ ಕೈಗಿಟ್ಟ. ಪಕ್ಕದಲ್ಲಿ ಬಿದ್ದಿದ್ದ ಬಿಡಿ ಕಲ್ಲು ತೋರಿಸಿ ಕುಟ್ಟು ಅಂತ ಸನ್ನೆ ಮಾಡಿದ. ನಾಲ್ಕೈದು ಕಿಲೋ ಇರಬಹುದು. ಹತ್ತು ನಿಮಿಷ ಕುಟ್ಟಿದೆ. ಚಕ್ಕೆ ಏಳಲಿಲ್ಲ. ಕೆಂಪು ಗ್ರಾನೈಟ್ ಮೊದಲು ಬೆಳ್ಳಗಾಯಿತು. ಆಮೇಲೆ ಹಿಟ್ಟಿನಂಥ ಪುಡಿ ಬಂತು, ಬೆರಳಲ್ಲಿ ಬಳಿದರೆ ಒಂದು ಚಿಟಿಕೆ. ಮಣಿಕಟ್ಟು ಜೋಮು ಹಿಡಿಯಿತು. ಮಗಳು ಸಾಕು ಬಾ ಅಪ್ಪಾ ಅಂದಳು. ಸುಮಾರು ನೂರು ವರ್ಷದ ಹಿಂದೆ ಎಂಗಲ್‌ಬಾಕ್ ಎಂಬ ಎಂಜಿನಿಯರ್ ಅಲ್ಲೇ ಒಂದು ಗಂಟೆ ಕುಟ್ಟಿ ನೋಡಿ, ಸುಮಾರು 5 ಮಿಲಿಮೀಟರ್ ಇಳಿಸಿದ್ದರಂತೆ. ಇದು ಆಗದ ಕೆಲಸವಲ್ಲ, ಸಾಕುಬೇಕಾಗುವ ಕೆಲಸ. ಕಾರ್ನಾಕ್ ದೇವಸ್ಥಾನದಲ್ಲಿ ಇವತ್ತಿಗೂ ನಿಂತಿರುವ ಹತ್‌ಶೆಪ್ಸುತ್‌ಳ ಒಬೆಲಿಸ್ಕ್ ಹತ್ತಿರ ಹತ್ತಿರ 30 ಮೀಟರ್ ಇದೆ. ಕ್ವಾರಿಯ ಕೆಲಸಕ್ಕೆ ಏಳು ತಿಂಗಳು ಹಿಡಿಯಿತು ಎಂದು ಅದರ ಬುಡದಲ್ಲೇ ಕೆತ್ತಿಸಿದ್ದಾಳೆ.

ಅಸ್ವಾನ್‌ನದು ಮೇಲೇಳಲಿಲ್ಲ. ಬಿರುಕು ಬಂತು. ಚಿಕ್ಕದಾದರೂ ಆಗಲಿ ಎಂದು ಅದರೊಳಗೇ ಇನ್ನೊಂದು ಅಳತೆ ಗುರುತು ಹಾಕಿ ನೋಡಿದ್ದಾರೆ. ಅದೂ ದಕ್ಕಲಿಲ್ಲ. ಬಿರುಕಿನ ಕಷ್ಟ ನನಗೆ ಗೊತ್ತು. ನಾವು ಬ್ಲಾಕಿಗೆ ನೀರು ಸುರಿದು ಕಾಯುತ್ತಿದ್ದೆವು. ಸುತ್ತಲೂ ಒಣಗಿದ ಮೇಲೂ ಒಂದು ಗೆರೆ ಮಾತ್ರ ಹಸಿಯಾಗೇ ಇದ್ದರೆ ಅಲ್ಲಿಗೆ ಮುಗಿಯಿತು. ಆದರೂ ಎಷ್ಟೋ ಸಲ ಅರ್ಧ ಕೊಯ್ದ ಮೇಲೇ ಬಿರುಕು ಮುಖ ತೋರಿಸುತ್ತದೆ. ಆ ಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತು ಕುಟ್ಟಿದವರು ಗುಂಡು ಕೆಳಗಿಟ್ಟು ಎದ್ದುಹೋದ ದಿನವನ್ನು ನೆನೆದರೆ ಹೊಟ್ಟೆ ಚುರ್ರೆನ್ನುತ್ತದೆ.

ದಹಶೂರ್‌ನಲ್ಲಿ ಖುಫುವಿನ ಅಪ್ಪ ಸ್ನೆಫೆರುವಿನ ಪಿರಮಿಡ್ ಇದೆ. ಸುಮಾರು 54 ಡಿಗ್ರಿ ಇಳಿಜಾರಲ್ಲಿ ಶುರುವಾಗಿ, ಅರ್ಧಕ್ಕೆ 43ಕ್ಕೆ ಬಾಗಿಬಿಟ್ಟಿದೆ. ಮುಂದಿನದನ್ನು ಬುಡದಿಂದಲೇ 43ರಲ್ಲಿ ಕಟ್ಟಿದರು. ಮಾಡಿ ಕಲಿಯುವುದು ಅಂದರೆ ಇದೇ ಅಲ್ವಾ?

ಕೈರೋ ಮ್ಯೂಸಿಯಂನ ನೆಫರ್‌ಟಿಟಿ ರಾಣಿಯ ಅರ್ಧ ಮುಗಿದ ಶಿಲ್ಪದ ತಲೆಯ ಮಾತು ಒಂದಿದೆ. ಹೊಳೆಯುವ ಬಣ್ಣದ್ದು ಬರ್ಲಿನ್‌ನಲ್ಲಿದೆ, ಅದನ್ನು ಎಲ್ಲರೂ ಬಲ್ಲರು. ಇದು ಕಂದು ಕಲ್ಲಿನದು. ಎಲ್ಲಿ ಇನ್ನೂ ಕೆತ್ತಬೇಕು ಎಂದು ಶಿಲ್ಪಿ ಎಳೆದ ಕಪ್ಪು ಗೆರೆಗಳು ಮುಖದ ಮೇಲೆ ಹಾಗೇ ಇವೆ. ನನಗೆ ಇದೇ ಚೆಂದ ಕಂಡಿತು.

ಲೇಖನದಲ್ಲಿ ಕೆಲಸಗಾರರ ಬಗ್ಗೆ ಒಂದು ಸಾಲೂ ಇಲ್ಲ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿ ಸಿಕ್ಕಿತು. ಖುಫುವಿನ ಪಿರಮಿಡ್ಡಿಗೆ ತುರಾ ಕ್ವಾರಿಯಿಂದ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ ಲೆಕ್ಕ ಅದರಲ್ಲಿದೆ. ಇವತ್ತು ತುಂಬಿದೆವು, ರಾತ್ರಿ ಇಲ್ಲಿ ತಂಗಿದೆವು, ಈ ಥರ. ನಮ್ಮ ಲಾರಿ ಲೋಡಿನ ಪುಸ್ತಕವೂ ಹೀಗೇ ಇರುತ್ತಿತ್ತು.

ಕೊನೆಗೊಂದು ವಿಷಯ. ಲೇಖನದ ಜೊತೆ ಅಚ್ಚಾದ ಚಿತ್ರದ ಕೆಳಗೆ ‘ಖುಫುವಿನ ಪಿರಮಿಡ್’ ಎಂದಿದೆ. ಅದು ಸಕ್ಕಾರದಲ್ಲಿರುವ ಜೋಸರ್ ರಾಜನ ಪಿರಮಿಡ್. ಆರು ಮೆಟ್ಟಿಲಿದೆ, ಎಣಿಸಿ ನೋಡಿ. ನಾಳೆ ನಾಡಿದ್ದರಲ್ಲಿ ತಿದ್ದುಪಡಿ ಹಾಕಿ.

ಇತಿ,
ನಿಮ್ಮ ಹಳೇ ಓದುಗ, ನಿವೃತ್ತ ಕಲ್ಲು ಕೆಲಸದವ