ಮಕ್ಕಳು ಬರುವ ಹೊತ್ತಿಗೆ ಗ್ರಂಥಾಲಯಕ್ಕೆ ಬೀಗ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ ನಮಸ್ಕಾರ.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಆನ್‌ಲೈನ್ ಪಾಠ ಅಂದರು. ನಮ್ಮ ಮನೆಯಲ್ಲಿದ್ದದ್ದು ಒಂದೇ ಮೊಬೈಲ್. ನಾನು ಅದನ್ನು ಕೆಲಸಕ್ಕೆ ಒಯ್ದ ದಿನ ಮಗಳಿಗೆ ಪಾಠ ಇಲ್ಲ.

ಆ ವರ್ಷದ ನವೆಂಬರ್‌ನಲ್ಲಿ ನಿಮ್ಮ ಇಲಾಖೆ ‘ಓದುವ ಬೆಳಕು’ ಶುರು ಮಾಡಿತು. 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ. ಅಲ್ಲಿಯವರೆಗೆ ಅದು ನಾಲ್ಕು ಜನ ಹಿರಿಯರು ಪೇಪರ್ ಓದುವ ಜಾಗವಾಗಿತ್ತು. ಮಕ್ಕಳು ಇಣುಕಿದರೆ “ಗಲಾಟೆ ಮಾಡ್ಬೇಡ್ರೋ” ಅಂತ ಗದರುತ್ತಿದ್ದರು. ಆಮೇಲೆ ನೀವು ನೋಡಬೇಕಿತ್ತು! ಮೇಲ್ವಿಚಾರಕರು ಜಗಲಿಗೆ ಚಾಪೆ ಹಾಸಿ, ದೂರ ದೂರ ಕೂರಿಸಿ, ಕತೆ ಓದಿಸುತ್ತಿದ್ದರು. ಮೂರನೇ ಕ್ಲಾಸಿನ ನನ್ನ ಮಗಳು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದವಳು, ರಾತ್ರಿ ಅಜ್ಜಿಗೆ ಕತೆ ಓದಿ ಹೇಳತೊಡಗಿದಳು. (ಅಜ್ಜಿಗೆ ಧಾರಾವಾಹಿ ತಪ್ಪುತ್ತಿತ್ತು, ಆ ಮಾತು ಬೇರೆ.)

ಈಗ ಬೋರ್ಡು ‘ಅರಿವು ಕೇಂದ್ರ’ ಅಂತ ಬದಲಾಗಿದೆ. ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು. ಸಂತೋಷವೇ. ಆದರೆ ಮಗಳು ಪಕ್ಕದೂರಿನ ಹೈಸ್ಕೂಲಿನಿಂದ ಬಂದು ಬಸ್ಸಿಳಿಯುವಾಗ ಸಂಜೆ ಐದೂವರೆ. ಅಷ್ಟೊತ್ತಿಗೆ ನಮ್ಮೂರ ಗ್ರಂಥಾಲಯಕ್ಕೆ ಬೀಗ ಬಿದ್ದಿರುತ್ತದೆ. ಶಾಲೆ ಇಲ್ಲದಾಗ ಹಗಲು ತೆರೆದರೆ ಸಾಕಿತ್ತು. ಶಾಲೆ ಶುರುವಾದ ಮೇಲೆ ಗ್ರಂಥಾಲಯದ ಹೊತ್ತೂ ಬದಲಾಗಬೇಕಿತ್ತು ಅಲ್ವಾ?

ಮೇಲ್ವಿಚಾರಕರನ್ನು ದೂರುತ್ತಿಲ್ಲ. ಸಂಜೆಯೂ ಕೂರಿ ಅಂತ ಅವರಿಗೆ ಸುಮ್ನೆ ಆದೇಶ ಕಳಿಸಬೇಡಿ. ಬೆಳಗಿನ ಹೊತ್ತು ಕಡಿಮೆ ಮಾಡಿ, ಇಲ್ಲವೇ ಜಾಸ್ತಿ ದುಡಿಮೆಗೆ ಜಾಸ್ತಿ ಸಂಬಳ ಕೊಡಿ. ಯಾವಾಗ ತೆರೆಯಬೇಕೆಂದು ಮಕ್ಕಳ ಗ್ರಾಮಸಭೆಯಲ್ಲೇ ಕೇಳಿ. ನಮ್ಮೂರ ಬಸ್ಸಿನ ಟೈಮು ವಿಧಾನಸೌಧಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತು.

ಇನ್ನು ಪುಸ್ತಕ. ಆಗ ದಾನಿಗಳು ಕೊಟ್ಟರು, ಪುಣ್ಯ ಬರಲಿ. ಅದರಲ್ಲಿ ಹಳೇ ಗೈಡುಗಳೂ ಇದ್ದವು ಅನ್ನಿ. ಕತೆಪುಸ್ತಕಗಳನ್ನೆಲ್ಲ ಮಕ್ಕಳು ಯಾವತ್ತೋ ಓದಿ ಮುಗಿಸಿದ್ದಾರೆ. ಪ್ರತಿ ವರ್ಷವೂ ದಾನಿಗಳನ್ನೇ ಕಾಯಬೇಕೇ? ಮನೆ ಕಂದಾಯದ ಜೊತೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಅದರಲ್ಲಿ ಇಂತಿಷ್ಟು ಮಕ್ಕಳ ಪುಸ್ತಕಕ್ಕೇ ಎಂದು ನಿಯಮ ಮಾಡಿ. ವರ್ಷಕ್ಕೊಮ್ಮೆ ಕೊಂಡ ಪುಸ್ತಕಗಳ ಪಟ್ಟಿಯನ್ನು ಗ್ರಂಥಾಲಯದ ಬಾಗಿಲಿಗೇ ಅಂಟಿಸಲಿ, ಎಲ್ಲರೂ ಓದುತ್ತೇವೆ.

ಮೊನ್ನೆ ಭಾನುವಾರ ಮಗಳು ತಂದ ಪುಸ್ತಕ, ಅವಳು ಈಗಾಗಲೇ ಎರಡು ಸಲ ಓದಿದ್ದೇ.

ಇಂತಿ,
ಹೈಸ್ಕೂಲು ಹುಡುಗಿಯೊಬ್ಬಳ ಅಪ್ಪ