ಸ್ಟೋರ್ಡ್ ಪ್ರೊಸೀಜರ್ ಇದ್ದಮಾತ್ರಕ್ಕೆ ಸುರಕ್ಷಿತವಲ್ಲ

ಮಾನ್ಯ ಸಂಪಾದಕರೇ,

ಜಾಲತಾಣಗಳ ಭದ್ರತೆ ಕುರಿತ ಲೇಖನಗಳಲ್ಲಿ ಒಂದು ಸಲಹೆ ಪದೇಪದೇ ಬರುತ್ತದೆ: ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಉಳಿಸಿಟ್ಟ ಕೋಡ್) ಬಳಸಿದರೆ ಎಸ್‌ಕ್ಯುಎಲ್ ಇಂಜೆಕ್ಷನ್ (ಡೇಟಾಬೇಸ್‌ಗೆ ಹೋಗುವ ಎಸ್‌ಕ್ಯುಎಲ್ ಆಜ್ಞೆಯೊಳಗೆ ಹೊರಗಿನವರು ತಮ್ಮ ತುಣುಕು ತೂರಿಸುವ ದಾಳಿ) ಭಯವಿಲ್ಲ ಎಂದು. ಇದು ಅರ್ಧ ನಿಜ. ಪ್ರೊಸೀಜರ್ ಒಳಗೇ ಎಸ್‌ಕ್ಯುಎಲ್ ಅನ್ನು ಅಕ್ಷರಮಾಲೆಯಾಗಿ ಜೋಡಿಸಿ ಓಡಿಸಿದರೆ ರಂಧ್ರ ಮುಚ್ಚುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ.

ಒರಾಕಲ್ ಡೇಟಾಬೇಸ್‌ನ ಪ್ರೊಸೀಜರ್ ಭಾಷೆ ಪಿಎಲ್/ಎಸ್‌ಕ್ಯುಎಲ್‌ನಲ್ಲಿ ಹೀಗೆ ಜೋಡಿಸಿದ್ದನ್ನು ಓಡಿಸಲು ಇರುವುದು 'ಎಕ್ಸಿಕ್ಯೂಟ್ ಇಮ್ಮೀಡಿಯೆಟ್'. 8ಐ ಆವೃತ್ತಿಯಲ್ಲಿ ಬಂತು. ಹೆಸರಿನಿಂದ ಗ್ರಾಹಕರನ್ನು ಹುಡುಕುವ ಕ್ವೆರಿಗೆ, ಬಂದ ಹೆಸರನ್ನು ಎರಡು ಗೆರೆಗಳ ಚಿಹ್ನೆಯಿಂದ (||) ನೇರ ಅಂಟಿಸುವುದು ಎಲ್ಲೆಡೆ ಕಾಣುವ ಅಭ್ಯಾಸ. ಮಂಗಳೂರಿನ ಡಿ'ಸೋಜಾ ಎಂಬ ಹೆಸರು ಬಂದ ದಿನವೇ ಅದು ಮುರಿಯುತ್ತದೆ, ಏಕೆಂದರೆ ಹೆಸರಿನ ನಡುವಿನ ಉದ್ಧರಣ ಚಿಹ್ನೆಯೇ ಅಕ್ಷರಮಾಲೆಯನ್ನು ಮುಗಿಸಿಬಿಡುತ್ತದೆ. ಹೆಸರಿನ ಬದಲು ಯಾರಾದರೂ ಅದೇ ಚಿಹ್ನೆಯ ಹಿಂದೆ 'ಆರ್' (ಅಥವಾ) ಎಂದು ಬರೆದು ಸದಾ ನಿಜವಾಗುವ ಷರತ್ತು ಸೇರಿಸಿದರೆ, ಇಡೀ ಟೇಬಲ್ ಹೊರಬರುತ್ತದೆ. ಟೇಬಲ್ಲನ್ನೇ ಅಳಿಸುವ ಎರಡನೇ ಹೇಳಿಕೆಯನ್ನು ಸೆಮಿಕೋಲನ್ ಹಾಕಿ ತೂರಿಸುವ ಉದಾಹರಣೆ ಲೇಖಕರಿಗೆ ಪ್ರಿಯ. ಒರಾಕಲ್‌ನಲ್ಲಿ ಒಂದು ಎಸ್‌ಕ್ಯುಎಲ್ ಹೇಳಿಕೆಗೆ ಅದು ನಡೆಯುವುದಿಲ್ಲ. ಆದರೆ ಜೋಡಿಸಿದ್ದು 'ಬಿಗಿನ್–ಎಂಡ್' ಬ್ಲಾಕ್ ಆಗಿದ್ದರೆ ಅದೂ ನಡೆದೀತು.

ಇನ್ನೂ ಗಂಭೀರವಾದದ್ದು ಅಧಿಕಾರದ ವಿಷಯ. ಪ್ರೊಸೀಜರ್, ಬೇರೆ ಹೇಳದಿದ್ದರೆ, ಕರೆದವರ ಅಧಿಕಾರದಲ್ಲಲ್ಲ, ಮಾಲೀಕನ ಅಧಿಕಾರದಲ್ಲಿ ಓಡುತ್ತದೆ. ಜಾಲತಾಣದ ಬಳಕೆದಾರ ಖಾತೆಗೆ ಒಂದು ಟೇಬಲ್ಲನ್ನೂ ಓದುವ ಅನುಮತಿ ಇಲ್ಲದಿದ್ದರೂ ತೂರಿಸಿದ ಷರತ್ತು ಮಾಲೀಕನ ಟೇಬಲ್‌ಗಳನ್ನು ಓದುತ್ತದೆ.

ಪರಿಹಾರ ಹಳೆಯದೇ. ಮೌಲ್ಯಗಳನ್ನು ಅಂಟಿಸಬೇಡಿ, ಆ ಜಾಗದಲ್ಲಿ ಕೋಲನ್ ಹಾಕಿದ ಗುರುತು ಇಟ್ಟು 'ಯೂಸಿಂಗ್' ಮೂಲಕ ಬೈಂಡ್ ಮಾಡಿ, ಅಂದರೆ ಮೌಲ್ಯವನ್ನು ಪಠ್ಯದಿಂದ ಪ್ರತ್ಯೇಕವಾಗಿ ಕೊಡಿ. ವೇಗವೂ ಉಳಿಯುತ್ತದೆ: ಪ್ರತಿ ಮೌಲ್ಯಕ್ಕೂ ಹೊಸ ಪಠ್ಯವಾದರೆ ಒರಾಕಲ್ ಪ್ರತಿ ಸಲ ಹಾರ್ಡ್ ಪಾರ್ಸ್ (ಹೇಳಿಕೆಯನ್ನು ಮೊದಲಿನಿಂದ ವಿಶ್ಲೇಷಿಸುವುದು) ಮಾಡಬೇಕು, ಹೇಳಿಕೆಗಳನ್ನು ಇಡುವ ಸ್ಮೃತಿಭಾಗವಾದ ಶೇರ್ಡ್ ಪೂಲ್ ತುಂಬಿ ಕೊನೆಗೆ ಸ್ಮೃತಿ ಸಾಲದೆಂಬ ದೋಷ ಓಆರ್‌ಎ-04031 ಬರಬಹುದು. ಎಸ್‌ಕ್ಯುಎಲ್ ಹೇಳಿಕೆಯಲ್ಲಿ ಗುರುತುಗಳು ಹೆಸರಿನಿಂದಲ್ಲ, ಸ್ಥಾನದಿಂದ ಹೊಂದುತ್ತವೆ. ಒಂದೇ ಗುರುತು ಎರಡು ಕಡೆ ಇದ್ದರೆ ಮೌಲ್ಯವನ್ನೂ ಎರಡು ಸಲ ಕೊಡಬೇಕು. ದಿನಾಂಕವನ್ನೂ ಬೈಂಡ್ ಮಾಡಿ. ಅದನ್ನು ಅಂಟಿಸಿದರೆ ಅಕ್ಷರವಾಗುವುದು ಸೆಷನ್‌ನ ದಿನಾಂಕ ಮಾದರಿಯಂತೆ, ಆ ಮಾದರಿಯನ್ನು ಬಳಕೆದಾರನೇ ಬದಲಿಸಬಲ್ಲ.

ಟೇಬಲ್, ಕಾಲಮ್ ಹೆಸರುಗಳನ್ನು ಮಾತ್ರ ಬೈಂಡ್ ಮಾಡಲಾಗದು. ಟೇಬಲ್ ಹೆಸರಿಗೆ ಪ್ರಯತ್ನಿಸಿದರೆ ಸಿಗುವುದು ಟೇಬಲ್ ಹೆಸರು ಸರಿಯಿಲ್ಲವೆಂಬ ದೋಷ ಓಆರ್‌ಎ-00903. ಇಲ್ಲಿ ಅಂಟಿಸದೆ ವಿಧಿಯಿಲ್ಲ. ಆದ್ದರಿಂದ ಅನುಮತಿಸಿದ ಹೆಸರುಗಳ ಪಟ್ಟಿ ಇಟ್ಟುಕೊಂಡು ಹೋಲಿಸಿ. ಡಿಬಿಎಂಎಸ್_ಅಸರ್ಟ್ ಪ್ಯಾಕೇಜ್ ನೆರವಿಗಿದೆ, ಆದರೆ ಅದರ 'ಸಿಂಪಲ್_ಎಸ್‌ಕ್ಯುಎಲ್_ನೇಮ್' ಹೆಸರಿನ ರೂಪ ಸರಿಯೇ ಎಂದಷ್ಟೇ ನೋಡುತ್ತದೆ. ಆ ಟೇಬಲ್ ಮುಟ್ಟಬಹುದೇ ಎಂಬುದು ಅದಕ್ಕೆ ಗೊತ್ತಿಲ್ಲ.

ಹೊಸಬರು ಎಡವುವ ಇನ್ನೆರಡು ಕಡೆ: ಟೇಬಲ್ ಸೃಷ್ಟಿಸುವ, ಅಳಿಸುವ ಹೇಳಿಕೆ ಓಡಿಸಿದರೆ ಅಲ್ಲಿಯವರೆಗಿನ ಬದಲಾವಣೆಗಳು ತಾವಾಗಿಯೇ ಕಮಿಟ್ (ಕಾಯಂ) ಆಗುತ್ತವೆ, ರೋಲ್‌ಬ್ಯಾಕ್ (ಹಿಂತೆಗೆಯುವುದು) ಸಾಧ್ಯವಿಲ್ಲ. ನೇರವಾಗಿ ಟೈಪಿಸಿದಾಗ ನಡೆದ 'ಕ್ರಿಯೇಟ್ ಟೇಬಲ್' ಪ್ರೊಸೀಜರ್‌ನಲ್ಲಿ ಅಧಿಕಾರ ಸಾಲದೆಂಬ ದೋಷ ಓಆರ್‌ಎ-01031 ಕೊಟ್ಟರೆ, ಅನುಮತಿ ರೋಲ್ (ಅನುಮತಿಗಳ ಗುಂಪು) ಮೂಲಕ ಬಂದಿದೆ ಎಂದು ತಿಳಿಯಿರಿ. ಮಾಲೀಕನ ಅಧಿಕಾರದಲ್ಲಿ ಓಡುವ ಪ್ರೊಸೀಜರ್‌ಗೆ ರೋಲ್‌ಗಳು ಲೆಕ್ಕಕ್ಕಿಲ್ಲ, ಮಾಲೀಕನಿಗೇ ನೇರ ಗ್ರಾಂಟ್ (ಅನುಮತಿ) ಬೇಕು. ಸಿಟ್ಟಿಗೆದ್ದು ಹೆಸರಿನಲ್ಲಿ 'ಎನಿ' ಇರುವ, ಬೇರೆಯವರ ಟೇಬಲ್‌ಗಳಿಗೂ ತಲುಪುವ ಅಧಿಕಾರಗಳನ್ನು ಹಂಚುವುದು ಮೇಲೆ ಹೇಳಿದ ಅಪಾಯವನ್ನು ಹಿಗ್ಗಿಸುತ್ತದೆ.

ಹಳೆಯ ಕೋಡ್ ಇರುವ ಕಚೇರಿಗಳು ಉಳಿಸಿಟ್ಟ ಕೋಡನ್ನು ತೋರಿಸುವ 'ಆಲ್_ಸೋರ್ಸ್' ವ್ಯೂನಲ್ಲಿ 'ಎಕ್ಸಿಕ್ಯೂಟ್ ಇಮ್ಮೀಡಿಯೆಟ್' ಹುಡುಕಲಿ, ಜೋಡಿಸಿದ ಎಸ್‌ಕ್ಯುಎಲ್ ಓಡಿಸುವ ಬೇರೆ ದಾರಿಗಳಾದ 'ಓಪನ್ ಫಾರ್' ಮತ್ತು ಡಿಬಿಎಂಎಸ್_ಎಸ್‌ಕ್ಯುಎಲ್ ಅನ್ನೂ ಮರೆಯಬಾರದು. ಜೋಡಣೆ ಹಲವು ಸಾಲು ಮೇಲೆಯೇ ಒಂದು ವೇರಿಯಬಲ್‌ನಲ್ಲಿ ನಡೆದಿರುವುದೇ ಹೆಚ್ಚು. ಸಿಕ್ಕ ಸಾಲನ್ನಷ್ಟೇ ನೋಡಿ ಬಿಟ್ಟರೆ ತಪ್ಪಿಹೋಗುತ್ತದೆ.

— ಡೇಟಾಬೇಸ್ ಡೆವಲಪರ್, ಬೆಂಗಳೂರು